ಕೊಡೆಯವರೆಗೂ ಎಳೆದ ಗೆರೆ

ಬೋರ್ಡಿನ ಮೇಲಿನ ವಾಕ್ಯ ಓದಿದೊಡನೆ ಕೊಟ್ರಬಸಮ್ಮನಿಗೆ ಅನುಮಾನ ಬಂತು. ‘ದಿ ಟಾಲ್ ವುಮನ್ ವಿತ್ ದಿ ಅಂಬ್ರೆಲಾ ಮಿಸ್ಡ್ ದಿ ಬಸ್.’ ಕೊಡೆ ಹಿಡಿದ ಎತ್ತರದ ಹೆಂಗಸಿಗೆ ಬಸ್ಸು ತಪ್ಪಿತು. ಸಿರುಗುಪ್ಪದ ಬಸ್ಸು ತಪ್ಪಿ, ಕೊಡೆ ಹಿಡಿದು ತಡವಾಗಿ ಬಂದವಳು ಅವಳೇ. ಎತ್ತರದವಳೂ ಅವಳೇ.

1974ರ ಬೇಸಿಗೆ. ಪ್ರೈಮರಿ ಶಾಲೆಯ ಶಿಕ್ಷಕರಿಗೆ ಬಳ್ಳಾರಿಯಲ್ಲಿ ಭಾನುವಾರದ ಇಂಗ್ಲಿಷ್ ತರಬೇತಿ. ಕಲಿಸುವವನು ಕುರುಗೋಡಿನ ಹೈಸ್ಕೂಲು ಮೇಷ್ಟ್ರು ಚಿದಾನಂದಪ್ಪ.

“ಸಬ್ಜೆಕ್ಟಿಗೆ ಗೆರಿ ಎಳೀರಿ,” ಎಂದು ಅವನು ಅವಳನ್ನೇ ಬೋರ್ಡಿಗೆ ಕರೆದ.

ಅವಳು ‘ವುಮನ್’ ಕೆಳಗೆ ಮಾತ್ರ ಎಳೆದಳು. ಅವನು ಸೀಮೆಸುಣ್ಣ ತೆಗೆದುಕೊಂಡು ಆ ಗೆರೆಯನ್ನು ಮೊದಲ ಪದದಿಂದ ‘ಅಂಬ್ರೆಲಾ’ದವರೆಗೂ ಬೆಳೆಸಿದ.

“ಬಸ್ ತಪ್ಪಿದ್ದು ಹೆಂಗಸಿಗೆ ಸರ್, ಕೊಡಿಗಲ್ಲ.”

“ಖರೆ. ಆದ್ರ ಯಾವ ಹೆಂಗಸು ಅಂತ ತಿಳೀಬೇಕಲ್ರಿ? ಆಕಿ ಗುರುತು ಹೇಳೂದೆಲ್ಲ ಸಬ್ಜೆಕ್ಟಿನಾಗ ಬರ್ತೈತಿ. ಆಕಿ ಏನಾದ್ಳು ಅನ್ನೂದು ಪ್ರೆಡಿಕೇಟು.”

ಎಲ್ಲರೂ ನಕ್ಕರು. ಅವಳ ಕಿವಿ ಬಿಸಿಯಾಯಿತು. ಅವನು ತಲೆ ತಗ್ಗಿಸಿ ಕೈಯ ಸುಣ್ಣ ಒರೆಸಿಕೊಳ್ಳುತ್ತಿದ್ದ. ತುಟಿಯಂಚಿನ ನಗೆ ಮಾತ್ರ ಅಡಗಲಿಲ್ಲ.

ಅಂದಿನಿಂದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಶುರುವಾಯಿತು. ಅವನ ಕುರುಗೋಡು ಬಸ್ಸು ಮೊದಲು ಬರುತ್ತಿತ್ತು. ಅವನು ಅದನ್ನು ಹೋಗಗೊಡುತ್ತಿದ್ದ.

“ನಿಮ್ಮ ಬಸ್ಸು ಹೋತು.”

“ಇನ್ನೊಂದು ಐತಿ.”

ಮಳೆಗಾಲ ಬರುವ ಹೊತ್ತಿಗೆ ಒಂದು ಸಂಜೆ ಅವನು ಲೋಟ ಕೆಳಗಿಟ್ಟು ಕೇಳಿಯೇಬಿಟ್ಟ. “ನನ್ನ ಮದಿವಿ ಆಗ್ತೀರಾ?”

ಅವಳೂ ಲೋಟ ಕೆಳಗಿಟ್ಟಳು. “ಅವ್ವಗ ಕಣ್ಣು ಮಂಜು. ನನ್ನ ಬಿಟ್ರ ಯಾರೂ ಇಲ್ಲ. ಹೋದ ವರ್ಷ ಬಂದ ಗಂಡಿನವರು ಅವ್ವ ಬ್ಯಾಡ ಅಂದ್ರು. ನಾನೊಬ್ಬಾಕಿನ ಬರೂದಿಲ್ಲ ಸರ್.”

ಅವನು ಸುಮ್ಮನಾದ. ಕುರುಗೋಡಿನಲ್ಲಿ ಅವನದು ಒಂದೇ ಕೋಣೆಯ ಬಾಡಿಗೆ ಮನೆ. ಮೂವರು ಎಲ್ಲಿ ಮಲಗುವುದು ಎಂದು ಯೋಚಿಸುತ್ತ ನಿಂತ. ಅವಳಿಗೆ ಆ ಮೌನವೇ ಉತ್ತರವಾಗಿ ಕಂಡಿತು. ಸಿರುಗುಪ್ಪದ ಬಸ್ಸು ಹತ್ತಿ ಕಿಟಕಿಯ ಕಡೆ ನೋಡದೆ ಕುಳಿತಳು.

ಮುಂದಿನ ಭಾನುವಾರ ಅವಳು ತರಬೇತಿಗೆ ಬರಲಿಲ್ಲ. ಅದರ ಮುಂದಿನ ಭಾನುವಾರ ಚಿದಾನಂದಪ್ಪ ಬಳ್ಳಾರಿಗೆ ರಜೆ ಹೇಳಿ ಸಿರುಗುಪ್ಪಕ್ಕೆ ಹೋದ.

ಕೊಟ್ರಬಸಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಅವನು ಅವಳಿಗೆ ಏನೂ ಹೇಳದೆ ಒಳಗೆ ಬಂದು, ಅವಳ ತಾಯಿ ಚನ್ನವೀರಮ್ಮನ ಎದುರು ಚಾಪೆಯ ಮೇಲೆ ಕುಳಿತ.

“ಅವ್ವಾರ, ನಾನು ಕುರುಗೋಡು ಮೇಷ್ಟ್ರು. ಎರಡು ಖೋಲಿ ಮನಿ ಹಿಡದೀನಿ. ನಿಮ್ಮ ಖೋಲಿಗೆ ಮೆಟ್ಲಿಲ್ಲ, ಎಡವೂ ಹಂಗಿಲ್ಲ. ಅಂಗಳದಾಗ ಬಾವಿ ಐತಿ.”

“ನೀರು ಸಿಹಿ ಅದಾವೇನು?”

ಅವನು ತಡವರಿಸಿದ. “ಇಲ್ರಿ. ಒಂದೀಟು ಸವಳು.”

ಮುದುಕಿ ನಕ್ಕಳು. “ಬಸಮ್ಮಾ, ಈತಗ ಸುಳ್ಳು ಹೇಳಾಕ ಬರಂಗಿಲ್ಲ ನೋಡು.”

ಕೊಟ್ರಬಸಮ್ಮ ಕಂಬಕ್ಕೆ ಒರಗಿದ್ದಳು. “ಆವತ್ತ ಹೇಳಬಾರದಿತ್ತೇನು?”

“ಮನಿ ಇರಲಾರದ ಏನಂತ ಹೇಳ್ಲಿ?”

ಅವನು ಮೊದಲ ಸಲ ನೇರವಾಗಿ ಅವಳ ಮುಖ ನೋಡಿದ. ಅವಳೂ ಕಣ್ಣು ತಗ್ಗಿಸಲಿಲ್ಲ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಒಲೆಯ ಕಡೆ ತಿರುಗಿದಳು.

“ಉಂಡು ಹೋಗ್ರಿ. ಸಂಜಿ ಬಸ್ಸಿಗೆ ನಾವೂ ಬರ್ತೀವಿ, ಮನಿ ನೋಡಾಕ.”