ವೇವರ್ ಪಟ್ಟಿಯಲ್ಲಿ ಎರಡು ದಿನ

ನೀಲವ್ವನ ಬಲ ಮೊಣಕೈಗೆ ಅಂಟಿಸಿದ್ದ ಕಸುವುಮಾಪಕವು ಪ್ರತಿ ಎಸೆತದ ನಂತರವೂ ಒಂದು ಸಂಖ್ಯೆಯನ್ನು ಜಗತ್ತಿಗೆಲ್ಲ ಸಾರುತ್ತಿತ್ತು. ತೊಂಬತ್ತೊಂದು. ತೊಂಬತ್ತು. ಮತ್ತೆ ತೊಂಬತ್ತೊಂದು. ಹುಬ್ಬಳ್ಳಿ ಬೇಸ್‌ಬಾಲ್ ತಂಡದ ಈ ಮೂವತ್ತೆರಡು ವರ್ಷದ ಎಸೆತಗಾರ್ತಿಯ ತೋಳಿನಲ್ಲಿ ಇನ್ನೆಷ್ಟು ಆಟ ಉಳಿದಿದೆ ಎಂಬುದನ್ನು ನೂರಕ್ಕೆ ಇಷ್ಟು ಎಂದು ಹೇಳುವ ಯಂತ್ರ ಅದು. ಟ್ರಾಮ್ ಡಿಪೋದ ಊಟದ ಕೋಣೆಯಲ್ಲಿ ಕೂತು ಪರದೆ ನೋಡುತ್ತಿದ್ದ ಅವಳ ಅಣ್ಣ ಫಕೀರಪ್ಪನಿಗೆ ಎದೆಯುಬ್ಬಿತು.

ನಾಡಿನ ಎಷ್ಟೋ ಗುಂಪುಗಳಂತೆ ಡಿಪೋದ ಹತ್ತು ಮಂದಿಯೂ ಸೇರಿ ಕಲ್ಪನಾ ಲೀಗ್ ಆಡುತ್ತಿದ್ದರು. ನಿಜವಾದ ಆಟಗಾರರನ್ನು ಆರಿಸಿ ಪ್ರತಿಯೊಬ್ಬರೂ ಪರದೆಯ ಮೇಲೊಂದು ತಂಡ ಕಟ್ಟಬೇಕು. ಅವರು ಮೈದಾನದಲ್ಲಿ ಆಡಿದಂತೆ ಇವರಿಗೆ ಅಂಕ. ಹತ್ತು ಮಂದಿಯಲ್ಲಿ ಒಬ್ಬ ಆಟಗಾರ ಒಬ್ಬರಿಗೆ ಮಾತ್ರ ಸೇರಬಹುದು. ಕೈಬಿಟ್ಟವರು ಎರಡು ದಿನ ವೇವರ್ ಪಟ್ಟಿಯಲ್ಲಿರುತ್ತಾರೆ. ಅಷ್ಟರಲ್ಲಿ ಯಾರು ಬೇಕಾದರೂ ಅವರನ್ನು ಕೇಳಬಹುದು. ಇಬ್ಬರು ಕೇಳಿದರೆ, ಅಂಕಪಟ್ಟಿಯ ತಳದಲ್ಲಿರುವವನಿಗೆ ಮೊದಲ ಹಕ್ಕು.

ಆ ಸಲ ತಳದಲ್ಲಿದ್ದವನು ಫಕೀರಪ್ಪನೇ. ಅದರಿಂದಲೇ ಅವನಿಗೊಂದು ಉಪಾಯ ಹೊಳೆಯಿತು. ಬಳ್ಳಾರಿಯ ಹೊಡೆತಗಾರನೊಬ್ಬನನ್ನು ಸೇರಿಸಿಕೊಳ್ಳಲು ತಂಡದಲ್ಲಿ ಜಾಗ ಬೇಕಿತ್ತು. ಅವನ ತಂಡದಲ್ಲಿದ್ದ ನೀಲವ್ವನಿಗೆ ಹೇಗೂ ಎರಡು ದಿನ ಆಟವಿಲ್ಲ. ಅವಳನ್ನು ಬಿಟ್ಟು, ಆಮೇಲೆ ಮೊದಲ ಹಕ್ಕಿನಿಂದ ಮರಳಿ ಪಡೆದರಾಯಿತು.

“ಒಡಹುಟ್ಟಿದಾಕಿನ್ನ ಬಿಡ್ತೀಯೇನಲೇ?” ಎಂದು ಜೊತೆಗಾರ ಹನಮಂತಗೌಡ ನಕ್ಕ.

“ಎರಡ ದಿನಾ ಅಷ್ಟ. ಆಕಿಗೆ ಎಲ್ಲೆ ಗೊತ್ತಾಗತೈತಿ?” ಎಂದು ಫಕೀರಪ್ಪ ಗುಂಡಿ ಒತ್ತಿದ.

ಮರುದಿನ ಬೆಳಿಗ್ಗೆ ನೀಲವ್ವನ ಸಂಖ್ಯೆ ಐವತ್ತೆಂಟು. ಸಂಜೆಗೆ ಮೂವತ್ತನಾಲ್ಕು. ಅವಳು ಒಂದು ಚೆಂಡನ್ನೂ ಎಸೆದಿರಲಿಲ್ಲ. ನಾಡಿನುದ್ದಕ್ಕೂ ಸಾವಿರಾರು ಕಲ್ಪನಾ ತಂಡಗಳು ಅವಳನ್ನು ಕೈಬಿಟ್ಟವು. ಮೂರನೇ ದಿನ ಫಕೀರಪ್ಪನಿಗೆ ಅವಳು ಸಲೀಸಾಗಿ ಮರಳಿ ಸಿಕ್ಕಳು. ಬೇರೆ ಯಾರೂ ಕೇಳಿರಲೇ ಇಲ್ಲ. ಅದೇ ಮಧ್ಯಾಹ್ನ, ಇಳಿದ ಸಂಖ್ಯೆ ನೋಡಿ, ಹುಬ್ಬಳ್ಳಿ ತಂಡ ಅವಳನ್ನು ನಿಜವಾಗಿಯೇ ಬಿಟ್ಟಿತು. ನಿಜದ ಲೀಗಿನಲ್ಲೂ ಅದೇ ಎರಡು ದಿನದ ನಿಯಮ. ಉಳಿದ ಏಳು ತಂಡಗಳಲ್ಲಿ ಒಂದೂ ಅವಳನ್ನು ಕೇಳಲಿಲ್ಲ.

ಕಸುವುಮಾಪಕವನ್ನು ಕಂಡುಹಿಡಿದ ಡಾ. ಇಂದುಮತಿ ದೇಸಾಯಿಯವರ ಪ್ರಯೋಗಾಲಯಕ್ಕೆ ಫಕೀರಪ್ಪ ಧಾವಿಸಿದ.

“ನಿಮ್ಮ ಯಂತ್ರ ಕೆಟ್ಟೈತ್ರಿ ಮೇಡಮ್ಮರ. ನನ್ನ ತಂಗಿ ಕೈ ಗಟ್ಟಿ ಐತಿ.”

“ಕೈ ಗಟ್ಟೀನ ಅದ. ಯಂತ್ರನೂ ಕೆಟ್ಟಿಲ್ಲ,” ಎಂದರು ದೇಸಾಯಿ. “ಬರೇ ಸ್ನಾಯು ಓದಿದ್ರ ನೂರರಾಗ ಅರವತ್ತು ಸಲ ಅಷ್ಟ ನಿಜ ಆಗ್ತಿತ್ತು. ಅದಕ್ಕ ಕಲ್ಪನಾ ಲೀಗಿನ ಮಂದಿ ಯಾರನ್ನ ಬಿಡ್ತಾರ, ಯಾರನ್ನ ಕೇಳ್ತಾರ ಅನ್ನೋದನ್ನೂ ಸೇರಿಸಿದೆ. ಮಂದಿ ಕಣ್ಣಿಗೆ ಕಾಣೋದು ಎಷ್ಟೋ ಸಲ ಯಂತ್ರಕ್ಕ ಕಾಣೂದಿಲ್ಲ.”

“ಮೊದಲ ಬಿಟ್ಟಾಂವ ನಾ ಒಬ್ಬನ ರೀ.”

“ನೀವೊಬ್ಬರ ಸಾಕಾತು. ಮನೀಯವರು ಬಿಟ್ಟರ ಒಳಗಿನ ಸುದ್ದಿ ಇರ್ತದ ಅಂತ ಯಂತ್ರ ತಾನ ಕಲ್ತದ. ಒಬ್ಬ ಅಣ್ಣ ಬಿಟ್ಟರ ಹತ್ತು ಸಾವಿರ ಮಂದಿ ಬಿಟ್ಟಂಗ. ಸಂಖ್ಯೆ ಇಳೀತು, ಅದನ್ನ ನೋಡಿ ಮಂದಿ ಬಿಟ್ಟರು, ಅವರು ಬಿಟ್ಟಿದ್ದಕ್ಕ ಮತ್ತ ಇಳೀತು.”

“ಹೊಳ್ಳಿ ತಗೊಂಡೆನಲ್ರೀ!”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮನೀಯವರು ತಗೊಂಡ್ರ ಅದು ಬರೇ ಪ್ರೀತಿ ಅಂತ ಯಂತ್ರ ತಿಳೀತದ. ಅದಕ್ಕ ತೂಕ ಇಲ್ಲ.”

ಫಕೀರಪ್ಪ ಮನೆಗೆ ಬಂದು ಎಲ್ಲವನ್ನೂ ತಂಗಿಗೆ ಹೇಳಿದ. ಮುಚ್ಚಿಡಬಹುದಿತ್ತು, ಆಗಲಿಲ್ಲ. ನೀಲವ್ವ ಆಟದ ಬಟ್ಟೆಗಳನ್ನು ಮಡಚುತ್ತಿದ್ದಳು.

“ಎರಡ ದಿನಾ ಯಾವ ತಂಡದವರೂ ಫೋನ್ ಮಾಡಲಿಲ್ಲ,” ಎಂದಳು. “ಯಾರ ಬಿಟ್ಟರೂ ಅಣ್ಣನ ತಂಡದಾಗ ನಾ ಅದೀನಿ ಅಂತ ಸಮಾಧಾನ ಮಾಡ್ಕೊಂಡು ಕುಂತಿದ್ದೆ.”

ಮುಂದಿನ ಋತುವಿಗೆ ದೇಸಾಯಿಯವರು ಯಂತ್ರವನ್ನು ತಿದ್ದಿದರು. ಆದರೆ ತಂಡವಿಲ್ಲದವರ ಸಂಖ್ಯೆಯನ್ನು ಮತ್ತೆ ಎಣಿಸುವ ಪದ್ಧತಿಯಿರಲಿಲ್ಲ. ನೀಲವ್ವ ಅಷ್ಟರಲ್ಲಿ ಗದಗಿನ ಶಾಲೆಯೊಂದರಲ್ಲಿ ಹೆಣ್ಣುಮಕ್ಕಳಿಗೆ ಆಟ ಕಲಿಸಲು ಹೋಗಿದ್ದಳು.

ಒಂದು ಮಧ್ಯಾಹ್ನ ಫಕೀರಪ್ಪ ಅಲ್ಲಿಗೆ ಹೋಗಿ ಮೈದಾನದ ತಂತಿಬೇಲಿಯ ಹೊರಗೆ ನಿಂತ. ನೀಲವ್ವನ ಎಸೆತವನ್ನು ಹಿಡಿದ ಹುಡುಗಿಯೊಬ್ಬಳು ಕೈಗವಸು ಕಳಚಿ, ಕೆಂಪೇರಿದ ಅಂಗೈಯನ್ನು ಊದಿಕೊಂಡಳು. ನೀಲವ್ವ ಅಣ್ಣನನ್ನು ನೋಡಿದಳು. ಬುಟ್ಟಿಗೆ ಕೈಹಾಕಿ ಇನ್ನೊಂದು ಚೆಂಡು ತೆಗೆದುಕೊಂಡು, ಅವನಿಗೆ ಬೆನ್ನು ಹಾಕಿ ನಿಂತಳು.