ಸುಟ್ಟ ಮಾಳದ ಜೇನು

"ಅಯ್ಯೋ... ನಿಲ್ಲಿಸ್ರೀ! ಕುರಿ ನಿಲ್ಲಿಸ್ರೀ!"

ಕಲ್ಲುಗೋಡೆಯ ತಿರುವಿನಾಚೆಯಿಂದ ಕೂಗು ಕೇಳುವಷ್ಟರಲ್ಲಿ ಕಾಲ ಮೀರಿತ್ತು. ಡೈನಾ ಗಾರ್ಬಟ್ ಮಾಳದಿಂದ ಇಳಿಸಿಕೊಂಡು ಬರುತ್ತಿದ್ದ ಕರಿಮೂತಿಯ ಕುರಿಗಳು ಒಂದನ್ನೊಂದು ತಳ್ಳಿಕೊಂಡು ತಿರುವು ದಾಟಿಬಿಟ್ಟಿದ್ದವು. ಧಡ್ಡನೆ ಏನೋ ಉರುಳಿತು. ಮರುಕ್ಷಣ ಗಾಳಿಗೇ ಸಿಟ್ಟು ಬಂದಂತೆ ಮೊರೆತ!

ಜೇನು!

ಹಣೆಯ ಮೇಲೊಂದು, ಕತ್ತಿನ ಮೇಲೊಂದು ಕೆಂಡ ಇಟ್ಟ ಹಾಗಾಯಿತು. ಅವಳು ಕಣ್ಣು ಮುಚ್ಚಿ ಕೈ ಬೀಸಿದಳು.

"ಕೈ ಬೀಸಬೇಡಿ... ಸುಮ್ಮನೆ ನಿಂತ್ಕೊಳ್ಳಿ!"

ಯಾರೋ ಹತ್ತಿರ ಬಂದರು. ಅವಳ ತಲೆಯ ಮೇಲೆ ಬಲೆಯ ಟೋಪಿಯೊಂದು ಇಳಿಯಿತು. ಕಣ್ಣು ತೆರೆದಾಗ ಎದುರಿಗೆ ಬರಿದಲೆಯ ಒಬ್ಬ ಗಂಡಸು. ತನ್ನ ಟೋಪಿಯನ್ನು ಅವಳಿಗೆ ಹಾಕಿ ತಾನು ಕುಟುಕಿಸಿಕೊಳ್ಳುತ್ತ ನಿಂತಿದ್ದ.

ಹುಳುಗಳು ತಣ್ಣಗಾದ ಮೇಲೆ ಡೈನಾಳ ಸಿಟ್ಟು ಏರಿತು.

"ಕುರಿ ಓಡಾಡೋ ದಾರೀಲಿ ಜೇನುಪೆಟ್ಟಿಗೆ ಇಡು ಅಂತ ಯಾರ್ರೀ ಹೇಳಿದ್ದು ನಿಮಗೆ?"

"ಜೋನಸ್ ಅನ್ನೋ ಹಿರಿಯರು. ಮಗಳಿಗೆ ತಿಳಿಸಿರ್ತೀನಿ ಅಂದಿದ್ರು."

ಡೈನಾ ತಬ್ಬಿಬ್ಬಾದಳು. ಜೋನಸ್ ಅವಳ ತಂದೆ. ಅಪ್ಪ ಏನೂ ಹೇಳಿರಲಿಲ್ಲ...

"ಮರೆತಿರ್ಬೇಕು," ಎಂದಳು ಗಡುಸಾಗಿ.

ಅವನ ಒಂದು ಕಣ್ಣು ಆಗಲೇ ಊದಿ ಮುಚ್ಚಿಕೊಳ್ಳುತ್ತಿತ್ತು. ಅಷ್ಟಾದರೂ ನಕ್ಕ. "ಎಡ್ವಿನ್ ಥ್ಯಾಕ್ರೆ. ಬಯಲುಸೀಮೆಯವನು. ಹೀದರ್ ಹೂ ಮುಗಿಯೋವರೆಗೂ ಇಲ್ಲೇ ಇರ್ತೀನಿ... ನೀವು ಕುರಿ ಹೊಡೀದೇ ಇದ್ರೆ."

ನಗಬಾರದು ಎಂದುಕೊಂಡಳು. ನಕ್ಕುಬಿಟ್ಟಳು.

* * *

ಆ ಆಗಸ್ಟ್‌ನಲ್ಲಿ ಸ್ಕಾರ್ತ್ ಮಾಳ ಹಿಂದೆಂದೂ ಇಲ್ಲದಷ್ಟು ಹೂ ಬಿಟ್ಟಿತ್ತು. ಕಣ್ಣು ಹಾಯುವವರೆಗೂ ಹೀದರ್ ಪೊದೆಗಳ ನೇರಳೆ. ಮಳೆ ಮಾತ್ರ ಬಂದಿರಲಿಲ್ಲ. ಕಾಲಿಟ್ಟರೆ ನೆಲ ಚರಚರ ಎನ್ನುತ್ತಿತ್ತು. ಯಾರ್ಕ್‌ಶೈರ್‌ನ ಆ ಗುಡ್ಡದವರು ದಿನವೂ ಆಕಾಶ ನೋಡಿ ಕೆಲಸಕ್ಕೆ ಹೋಗುತ್ತಿದ್ದರು.

ಎಡ್ವಿನ್ ತನ್ನ ವ್ಯಾನಿನಲ್ಲೇ ಮಲಗುತ್ತಿದ್ದ. ಸಂಜೆಯ ಚಹಾಕ್ಕೆ ಮಾತ್ರ ಗಾರ್ಬಟ್ ಮನೆಗೆ ಬರುತ್ತಿದ್ದ. ಬಿಲ್‌ಬೆರಿ ಹಣ್ಣಿನ ಕಡುಬು, ಗಿಣ್ಣು, ಜೋನಸ್‌ನ ಕಥೆಗಳು. ಮುದುಕ ಅವನನ್ನು ಮಾಳದ ತುಂಬ ಸುತ್ತಾಡಿಸಿದ. ಹಿಂದಿನವರು ಸೌದೆಯ ಬದಲಿಗೆ ಉರಿಸಲು ಪೀಟ್ ಮಣ್ಣು ಕಡಿಯುತ್ತಿದ್ದ ಗುಂಡಿಗಳನ್ನು ತೋರಿಸಿದ. ಮಂಜಿನಲ್ಲಿ ದಾರಿ ತಪ್ಪದಿರಲೆಂದು ಸನ್ಯಾಸಿಗಳು ನೆಟ್ಟ ಕಲ್ಲುಶಿಲುಬೆಯನ್ನು ತೋರಿಸಿದ.

"ನೋಡೋ, ಈ ಕುರಿಗಳಿಗೆ ಬೇಲಿ ಇಲ್ಲ," ಎನ್ನುತ್ತಿದ್ದ. "ತಾಯಿ ಮೇದ ಜಾಗ ಮರಿಗೆ ಗೊತ್ತು. ಅದು ತನ್ನ ಮರಿಗೆ ತೋರಿಸುತ್ತೆ. ಮಾರಿದ್ರೆ ಮುಗೀತು. ಹೊಸ ಕುರಿ ತಂದ್ರೆ ನಿಲ್ಲೋದೇ ಇಲ್ಲ."

ಒಮ್ಮೊಮ್ಮೆ ಅದೇ ಮಾತನ್ನು ಅದೇ ಸಂಜೆ ಮತ್ತೆ ಹೇಳುತ್ತಿದ್ದ. ಎಡ್ವಿನ್ ಮೊದಲ ಸಲ ಕೇಳಿದವನಂತೆಯೇ ಕೇಳುತ್ತಿದ್ದ. ಅದನ್ನು ಕಂಡಾಗಲೆಲ್ಲ ಡೈನಾಳ ಎದೆಯೊಳಗೆ ಏನೋ ಮೆತ್ತಗಾಗುತ್ತಿತ್ತು.

ಒಂದು ಸಂಜೆ ಇಬ್ಬರೂ ಗೋಡೆಯ ಮೇಲೆ ಕೂತಿದ್ದರು. ಹೀದರ್ ಪೊದೆಯಿಂದ ಗ್ರೌಸ್ ಹಕ್ಕಿಯೊಂದು 'ಹೋಗ್ಹೋಗು, ಹೋಗ್ಹೋಗು' ಎಂದು ಬೈಯುತ್ತ ಹಾರಿತು.

"ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು, ಡೈನಾ," ಎಂದ ಎಡ್ವಿನ್ ಮೆಲ್ಲಗೆ. "ಮೊದಲು ಮಾತು ಮರೀತಿದ್ರು. ಆಮೇಲೆ ದಾರಿ. ಒಂದು ವೃದ್ಧಾಶ್ರಮಕ್ಕೆ ಸೇರಿಸಿದ್ವಿ. ಬೀಗ ಹಾಕಿದ ಕೋಣೆ. ಕಿಟಕಿಯಿಂದ ಕಾರು ನಿಲ್ಲಿಸೋ ಜಾಗ ಬಿಟ್ಟು ಬೇರೇನೂ ಕಾಣ್ತಿರಲಿಲ್ಲ. ಜೇನು ಎಲ್ಲಿ, ಜೇನು ಎಲ್ಲಿ ಅಂತಾನೇ ಪ್ರಾಣ ಬಿಟ್ರು..."

"ನಮ್ಮಪ್ಪನಿಗೆ ವಯಸ್ಸಾಗಿದೆ ಅಷ್ಟೇ!" ಡೈನಾಳ ದನಿ ಚುಚ್ಚಿತು. "ಇನ್ನೊಂದು ಸಲ ಆ ಮಾತು ಎತ್ತಬೇಡಿ."

ಅವನು ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಹೂ ಮುಗಿಯೋದ್ರೊಳಗೆ ನಿಮ್ಮನ್ನ ಒಂದು ಮಾತು ಕೇಳ್ಬೇಕು," ಎಂದ. "ಇವತ್ತಲ್ಲ. ಇವತ್ತು ನೀವು ಸಿಟ್ಟಲ್ಲಿದ್ದೀರಿ."

ಅವಳ ಕೆನ್ನೆ ಬಿಸಿಯಾಯಿತು. ಯಾವ ಮಾತು ಎಂದು ಕೇಳಬೇಕೆನಿಸಿತು...

ಕೇಳಲಿಲ್ಲ.

* * *

ಮಾರನೆಯ ವಾರ ಡೈನಾ ಸಂತೆಗೆ ಹೋಗಿದ್ದಳು. ಹಿಂತಿರುಗುವಾಗ ಗುಡ್ಡದ ನೆತ್ತಿಯಲ್ಲಿ ಮೋಡ ಕಂಡಿತು. ಮಳೆ ಬಂತು ಎಂದು ಹಿಗ್ಗಿದಳು. ಹತ್ತಿರವಾದಂತೆ ಮೂಗಿಗೆ ಘಾಟು ಹೊಡೆಯಿತು.

ಅದು ಮೋಡವಲ್ಲ. ಹೊಗೆ!

ಊರಿಗೆ ಊರೇ ಮಾಳದಲ್ಲಿತ್ತು. ಗಂಡಸರು, ಹೆಂಗಸರು ಉದ್ದ ಹಿಡಿಯ ಬಡಿಗೆಗಳಿಂದ ಬೆಂಕಿ ಬಡಿಯುತ್ತಿದ್ದರು. ಜೇನುಪೆಟ್ಟಿಗೆಗಳು ಸಾಲಾಗಿ ಉರಿಯುತ್ತಿದ್ದವು. ಗೋಡೆಗೊರಗಿ ಜೋನಸ್ ಕೂತಿದ್ದ. ಮುಖವೆಲ್ಲ ಮಸಿ. "ಗಾಳಿ ತಿರುಗಿಬಿಡ್ತು ಮಗಳೇ... ಗಾಳಿ ತಿರುಗಿಬಿಡ್ತು..." ಎನ್ನುತ್ತಿದ್ದ. ಪಕ್ಕದಲ್ಲಿ ಎಡ್ವಿನ್ ಮಂಡಿಯೂರಿದ್ದ. ಅವನ ಅಂಗೈಗಳನ್ನು ಯಾರೋ ಒದ್ದೆ ಬಟ್ಟೆಯಲ್ಲಿ ಸುತ್ತುತ್ತಿದ್ದರು.

ಪಾಪ, ಅಪ್ಪ ಬೆಂಕಿ ಆರಿಸೋಕೆ ಓಡಿಬಂದಿದ್ದಾನೆ... ಎಂದುಕೊಂಡಳು ಡೈನಾ.

ಮೇಲಿನ ಉರಿ ಆರಿದರೂ ಒಳಗಿನ ಪೀಟ್ ಮಣ್ಣು ದಿನಗಟ್ಟಲೆ ಬೆಂದಿತು. ಅರ್ಧ ಮಾಳ ಕರಿ ಬೂದಿಯಾಯಿತು. ಗಾರ್ಬಟ್ ಮಂದೆಯ ಕುರಿಗಳೂ ಸತ್ತವು. ಬೆಂಕಿ ಹುಟ್ಟಿದ ಜಾಗದಲ್ಲಿ ಸಿಕ್ಕಿದ್ದು ಒಂದೇ ವಸ್ತು. ಜೇನು ಸಾಕುವವರು ಹುಳುಗಳನ್ನು ಸುಮ್ಮನಾಗಿಸಲು ಬಳಸುವ ಹೊಗೆಡಬ್ಬಿ.

ಊರಿನ ಸಭೆ ಸೇರಿತು. ಮಾಳದಲ್ಲಿ ಮೇಯಿಸುವವರಿಗೆಲ್ಲ ಮುಖಂಡನಾದ ವಾಲ್ಟರ್ ಫೆದರ್‌ಸ್ಟನ್ ಡಬ್ಬಿಯನ್ನು ಮೇಜಿನ ಮೇಲಿಟ್ಟ.

"ಇದು ನಿನ್ನದಾ?"

"ನನ್ನದೇ," ಎಂದ ಎಡ್ವಿನ್. ಕೈಗಳಿಗೆ ಪಟ್ಟಿ ಸುತ್ತಿತ್ತು.

"ಬೆಂಕೀನೂ ನಿನ್ನದೇನಾ?"

ಎಡ್ವಿನ್ ಒಮ್ಮೆ ಮುದುಕ ಜೋನಸ್‌ನನ್ನು ನೋಡಿದ. ಜೋನಸ್ ಎಲ್ಲೋ ನೋಡುತ್ತ ಅಂಗಿಯ ಗುಂಡಿ ತಿರುಗಿಸುತ್ತಿದ್ದ. ಆಮೇಲೆ ಡೈನಾಳನ್ನು ನೋಡಿದ. ಬಹಳ ಹೊತ್ತು ನೋಡಿದ.

"...ನನ್ನದೇ ಅಂದ್ಕೊಳ್ಳಿ."

ಡೈನಾ ಎದ್ದು ನಿಂತಳು.

"ಅಂದ್ಕೊಳ್ಳಿ! ಅಷ್ಟು ಹಗುರಾನಾ ನಿಮಗೆ? ನನ್ನ ಕುರಿಗಳು ನಿಂತಲ್ಲೇ ಬೆಂದುಹೋದ್ವು! ಅವು ಓಡಲಿಲ್ಲ, ಗೊತ್ತಾ? ತಮ್ಮ ಜಾಗ ಬಿಟ್ಟು ಓಡೋಕೆ ಅವಕ್ಕೆ ಬರಲ್ಲ... ನಮ್ಮಪ್ಪನ ಜೀವ ಹೋಗ್ತಿತ್ತು! ಬೇಡ. ಇನ್ನು ಯಾವತ್ತೂ ಈ ಗುಡ್ಡದಲ್ಲಿ ಮುಖ ತೋರಿಸಬೇಡಿ!"

ಎಡ್ವಿನ್ ತಲೆ ತಗ್ಗಿಸಿ ಹೊರಟುಹೋದ.

* * *

ಚಳಿಗಾಲ ಬಂತು. ಉಳಿದ ಕುರಿಗಳು ಮೇವಿಲ್ಲದ ಕರಿ ನೆಲಕ್ಕೇ ಮರಳಿ ಹೋಗಿ ನಿಲ್ಲುತ್ತಿದ್ದವು. ಡೈನಾ ಹುಲ್ಲು ಹೊತ್ತೊಯ್ದು ಅಲ್ಲೇ ಹಾಕುತ್ತಿದ್ದಳು. ಅವನನ್ನು ದ್ವೇಷಿಸಬೇಕೆಂದು ದಿನವೂ ನಿರ್ಧರಿಸುತ್ತಿದ್ದಳು. ಸಂಜೆಯಾದರೆ ಚಹಾಕ್ಕೆ ಮೂರು ಲೋಟ ಇಟ್ಟು, ಒಂದನ್ನು ತೆಗೆದಿಡುತ್ತಿದ್ದಳು.

ಜೋನಸ್‌ಗೆ ಈಗ ಹಗಲು ಯಾವುದು, ಋತು ಯಾವುದು ತಿಳಿಯುತ್ತಿರಲಿಲ್ಲ. ವಯಸ್ಸು ಅಷ್ಟೇ ಎಂದು ಹೇಳಿಕೊಳ್ಳುವ ಧೈರ್ಯ ಅವಳಿಗೂ ಉಳಿದಿರಲಿಲ್ಲ.

ಮಾರ್ಚ್‌ನಲ್ಲಿ ಕೊಕ್ಕು ಬಾಗಿದ ಕರ್ಲ್ಯೂ ಹಕ್ಕಿಗಳು ಮಾಳಕ್ಕೆ ಮರಳಿ ಬಂದು ಕೂಗತೊಡಗಿದವು. ಉಳಿದ ಕಡೆ ಹಳೆಯ ಹೀದರ್‌ಗೆ ಪಟ್ಟಿಪಟ್ಟಿಯಾಗಿ ಬೆಂಕಿ ಹಾಕುವ ಕಾಲವದು. ಚಿಗುರು ಬರಲೆಂದು ತಲೆತಲಾಂತರದಿಂದ ಹಾಗೆ ಮಾಡುತ್ತಾರೆ. ದೂರದ ಗುಡ್ಡದಲ್ಲಿ ಹೊಗೆಯೆದ್ದಿತ್ತು. ಡೈನಾ ಹಿತ್ತಿಲಿಗೆ ಬಂದಾಗ ಅಪ್ಪ ಒಣ ಹೀದರ್ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬೆಂಕಿಕಡ್ಡಿ ಗೀರಲು ನೋಡುತ್ತಿದ್ದ.

"ಅಪ್ಪಾ! ಏನ್ಮಾಡ್ತಿದ್ದೀಯ?"

"ಮಾಳಕ್ಕೆ ಬೆಂಕಿ ಹಾಕ್ಬೇಕಲ್ಲ ಮಗಳೇ. ಕಾಲ ಬಂತು." ಜೋನಸ್ ಸುತ್ತಮುತ್ತ ನೋಡಿದ. "ಆ ಜೇನಿನ ಹುಡುಗ ಇಲ್ಲ ತಾನೇ? ಹೋದ ಸಲ ಹೊಗೆಡಬ್ಬಿ ಬಿಸಾಕಿ ಓಡಿಬಂದು, ಹಚ್ಚಿದ ಪಂಜನ್ನೇ ನನ್ನ ಕೈಯಿಂದ ಕಿತ್ಕೊಂಡ, ಪೆದ್ದ! ಕೈಯೆಲ್ಲ ಸುಟ್ಕೊಂಡ. ಗಾಳಿ ತಿರುಗಿಬಿಡ್ತು. ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಓಡಿದ. ಅವನ ಪೆಟ್ಟಿಗೆ ಉರೀತಿದ್ರೂ ತಿರುಗಿ ನೋಡ್ಲಿಲ್ಲ..."

ಡೈನಾ ಅಪ್ಪನ ಕೈಯಿಂದ ಬೆಂಕಿಪೆಟ್ಟಿಗೆ ತೆಗೆದುಕೊಂಡು, ಅವನ ಎದೆಗೆ ತಲೆಯಿಟ್ಟು ಅತ್ತಳು. ಜೋನಸ್ ಗಾಬರಿಯಿಂದ ಅವಳ ತಲೆ ಸವರಿದ.

"ಯಾರಮ್ಮ ಬೈದ್ರು ನಿನಗೆ?"

ಸಂಜೆಗೆ ಮೊದಲು ಅವಳು ವಾಲ್ಟರ್‌ನ ಮನೆ ಬಾಗಿಲಲ್ಲಿದ್ದಳು.

"ವಾಲ್ಟರ್ ಚಿಕ್ಕಪ್ಪ, ಬೆಂಕಿ ಹಾಕಿದ್ದು ನಮ್ಮಪ್ಪ. ಮಾಳದಲ್ಲಿ ನಮಗಿರೋ ಮೇವಿನ ಹಕ್ಕನ್ನ ಕಿತ್ಕೊಳ್ಳೋದಾದ್ರೆ ಕಿತ್ಕೊಳ್ಳಿ. ಆದ್ರೆ ಆ ಮನುಷ್ಯನ ಮೇಲಿನ ಕಳಂಕ ತೆಗೀರಿ."

ವಾಲ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಗಾಳಿ ನೋಡಿ ಬೆಂಕಿ ಹಾಕೋದನ್ನ ನನಗೆ ಕಲಿಸಿದ್ದೇ ನಿಮ್ಮಪ್ಪ," ಎಂದ. "ಹಕ್ಕು ಯಾರು ಕಿತ್ಕೋತಾರೆ ತಾಯಿ? ಇನ್ಮೇಲೆ ಅವನ ಮೇಲೆ ಕಣ್ಣಿಡೋಕೆ ನಾವೂ ಇದ್ದೀವಿ. ಸಭೆಗೆ ನಾನೇ ಹೇಳ್ತೀನಿ. ಆ ಹುಡುಗನಿಗೆ ಮಾತ್ರ... ಅದನ್ನ ನೀನೇ ಹೇಳ್ಬೇಕು."

* * *

ಬಯಲಿನಲ್ಲಿ ಎಡ್ವಿನ್‌ನ ಅಂಗಳ. ಸೇಬಿನ ಮರದ ಕೆಳಗೆ ಬೆರಳೆಣಿಕೆಯಷ್ಟು ಹೊಸ ಪೆಟ್ಟಿಗೆಗಳು. ಅವನು ಮೊಳೆ ಹೊಡೆಯಲು ಹೆಣಗುತ್ತಿದ್ದ. ಬಲಗೈಯ ಬೆರಳುಗಳು ಪೂರ್ತಿ ಮಡಚಿಕೊಳ್ಳುತ್ತಿರಲಿಲ್ಲ.

ಅವಳನ್ನು ಕಂಡು ಸುತ್ತಿಗೆ ಕೆಳಗಿಟ್ಟ.

"ಅಪ್ಪ ಹೇಳಿದ," ಎಂದಳು ಡೈನಾ.

ಅವನು ಎದ್ದು ನಿಂತ.

"ಯಾಕೆ ಎಡ್ವಿನ್? ಯಾಕೆ ಹೀಗೆ ಮಾಡಿದ್ರಿ?"

"ಗೊತ್ತಾದ್ರೆ ಅವರನ್ನ ಎಲ್ಲಿಗೆ ಕಳಿಸ್ತಾರೋ ಅನ್ನಿಸ್ತು. ನಮ್ಮಪ್ಪನ ಆ ಕಿಟಕಿ ಕಣ್ಣ ಮುಂದೆ ಬಂತು."

"ನನಗಾದ್ರೂ ಹೇಳ್ಬಹುದಿತ್ತಲ್ಲ! ಅವನು ನನ್ನಪ್ಪ!" ಕ್ಷಮೆ ಬೇಡಲೆಂದು ಬಂದವಳು ಜಗಳಕ್ಕೆ ನಿಂತಿದ್ದಳು. "ಎಲ್ಲಾ ನೀವೇ ಹೊತ್ಕೊಂಡು ಹೋಗಿಬಿಟ್ರಿ. ಈ ಚಳಿಗಾಲದಲ್ಲಿ ಅವನು ಇನ್ನೊಂದು ಸಲ ಕಡ್ಡಿ ಗೀರಿದ್ರೆ? ಮನೆಗೇ ಹಚ್ಚಿದ್ರೆ?"

ಎಡ್ವಿನ್‌ನ ಮುಖ ಬಿಳಿಚಿತು.

"ಹೇಳ್ಬೇಕು ಅಂತಾನೇ ಇದ್ದೆ. ಸಭೆ ಮುಗಿದ ಮೇಲೆ, ನೀವೊಬ್ಬರೇ ಸಿಕ್ಕಾಗ... ಆದ್ರೆ ನೀವು ಎಲ್ಲರ ಮುಂದೆ ಹಾಗಂದ್ರಿ. ನನಗೆ ನೋವಾಯ್ತು ಡೈನಾ. ದೊಡ್ಡತನ ಅಲ್ಲ ಅದು, ಬರೀ ಬಿಗುಮಾನ. ಹೋಗಲಿ, ದ್ವೇಷಿಸಲಿ ಅಂದ್ಕೊಂಡೆ. ಅದು ನನ್ನ ತಪ್ಪು."

"ತಪ್ಪು ನನ್ನದೂ ಹೌದು. ಆ ಸಂಜೆ ನೀವು ಹೇಳೋಕೆ ಬಂದ್ರಿ. ನಾನು ಬಾಯಿ ಮುಚ್ಚಿಸ್ದೆ... ನೋಡೋ ಧೈರ್ಯ ನನಗಿರಲಿಲ್ಲ."

ಅವಳು ಅವನ ಬಲಗೈಯನ್ನು ಎತ್ತಿಕೊಂಡಳು. ಬಿಗಿದ, ಹೊಳೆಯುವ, ಹೊಸ ಚರ್ಮ. ಅದರ ಮೇಲೆ ಅವಳ ಕಣ್ಣೀರು ಬಿತ್ತು.

"ನೋಯುತ್ತಾ?"

"ಚಳಿಗೆ. ಈಗಿಲ್ಲ."

"ಮನೆಗೆ ಬರ್ತೀರಾ ಎಡ್ವಿನ್? ಅಪ್ಪ ಕೇಳ್ತಾನೆ ಅಂತ ಅಲ್ಲ. ನಾನು ಕೇಳ್ತಿದ್ದೀನಿ."

ಅವನ ಕಣ್ಣು ತುಂಬಿತು.

"ನಾನು ಕೇಳ್ಬೇಕು ಅಂತಿದ್ದ ಮಾತನ್ನ ನೀವೇ ಕೇಳಿಬಿಟ್ರಲ್ಲ..."

* * *

ಮಾಳಕ್ಕೆ ಅವರು ಬಂದಾಗ ಬಿಸಿಲಿತ್ತು. ಕರಿ ನೆಲದ ಅಂಚಿನಲ್ಲಿ ಜೋನಸ್ ವಾಲ್ಟರ್‌ನ ಜೊತೆ ನಿಂತು ಕುರಿ ನೋಡುತ್ತಿದ್ದ. ವಾಲ್ಟರ್ ಎಡ್ವಿನ್‌ನನ್ನು ಕಂಡು ಟೋಪಿ ತೆಗೆದ. ಅವನ ಭುಜವನ್ನು ಒಮ್ಮೆ ಒತ್ತಿ ಕೆಳಗಿಳಿದು ಹೋದ.

ಜೋನಸ್ ಹೊಸಬನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಯಾರಪ್ಪ ನೀನು?"

ಡೈನಾ ಥಟ್ಟನೆ ಎಡ್ವಿನ್‌ನ ಮುಖ ನೋಡಿದಳು. ಎಡ್ವಿನ್ ಮಾತ್ರ ಮೊದಲ ಸಲ ಭೇಟಿಯಾದವನಂತೆ ತಲೆಬಾಗಿದ.

"ಜೇನು ಸಾಕೋನು, ಯಜಮಾನ್ರೇ. ಎಡ್ವಿನ್ ಅಂತ."

"ಜೇನಾ? ಇಲ್ಲಿ ಹೂವೆಲ್ಲಿದೆಯೋ?" ಜೋನಸ್ ಸುಟ್ಟ ನೆಲದ ಕಡೆ ಕೈ ಬೀಸಿದ. "ನೋಡಲ್ಲಿ. ಯಾವನೋ ಅವಿವೇಕಿ ಸುಟ್ಟಿದ್ದಾನೆ. ಎಷ್ಟು ದಿನ ಇರೋಣ ಅಂತ ಬಂದೆ?"

"ಈ ಹೀದರ್ ಮತ್ತೆ ಹೂ ಬಿಡೋವರೆಗೂ."

ಮುದುಕ ಗಹಗಹಿಸಿ ನಕ್ಕ. "ಹುಚ್ಚಾ! ಪೀಟ್ ಬೆಂದ ನೆಲ ಇದು. ವರ್ಷಗಟ್ಟಲೆ ಬೇಕು. ನಿನ್ನ ತಲೆ ನೆರೆತುಹೋಗುತ್ತೆ!"

"ಗೊತ್ತು," ಎಂದ ಎಡ್ವಿನ್. ಹೇಳಿದ್ದು ಮುದುಕನಿಗೆ, ಆದರೆ ನೋಡುತ್ತಿದ್ದುದು ಡೈನಾಳನ್ನು.

ಜೋನಸ್ ಗೊಣಗುತ್ತ ಕುರಿಗಳತ್ತ ನಡೆದ. ಅವನ ಬೆನ್ನ ಹಿಂದೆ ಇಬ್ಬರೂ ನಿಧಾನವಾಗಿ ಹೆಜ್ಜೆ ಹಾಕಿದರು.

"ನಾಳೆ ಮತ್ತೆ ಕೇಳ್ತಾನೆ, ಯಾರು ನೀನು ಅಂತ," ಎಂದಳು ಡೈನಾ. "ನಾಡಿದ್ದೂ ಕೇಳ್ತಾನೆ. ಬೇಜಾರಾಗಲ್ವಾ ನಿನಗೆ?"

"ಆಗಲಿ ಬಿಡು. ದಿನಾ ಹೇಳ್ತೀನಿ."

"ಏನಂತ?"

"ನಿಮ್ಮ ಮಗಳ ಗಂಡ ಅಂತ."

ಡೈನಾ ಅವನ ಮಡಚಲಾರದ ಬೆರಳುಗಳ ಸುತ್ತ ತನ್ನ ಬೆರಳುಗಳನ್ನು ಮಡಚಿ ಹಿಡಿದುಕೊಂಡಳು.