ಎಡಗಾಲಿನ ಏಳು ನಂಬರು

ಈ ಕಥೆಯನ್ನು ಮೊದಲು ಹೇಳಿದವರು ಸುಮಿತ್ರಾಬಾಯಿ. ೨೦೨೪ರ ಜನವರಿಯ ಒಂದು ಭಾನುವಾರ ಮಧ್ಯಾಹ್ನ, ವಳಸಂಗದ ಅವರ ಮನೆಯಂಗಳದಲ್ಲಿ ಆರು ಮಂದಿ ಹೆಂಗಸರು ಕೂಡಿ ಶೇಂಗಾ ಚಟ್ನಿ ಕುಟ್ಟುತ್ತಿದ್ದಾಗ ಹೇಳಿದರು. ಕಥೆ ನಡೆದದ್ದು ಸೋಲಾಪುರದ ಒಂದು ಆಟದ ಸಾಮಾನಿನ ಅಂಗಡಿಯಲ್ಲಿ. ಅಲ್ಲಿ ಅವರು ಹದಿನಾಲ್ಕು ವರ್ಷ ಬಿಲ್ಲಿನ ಮೇಜಿಗೆ ಕೂತಿದ್ದರು. ಕಂಡದ್ದನ್ನು ಕಂಡೆನೆಂದೂ, ಕೇಳಿದ್ದನ್ನು ಕೇಳಿದೆನೆಂದೂ ಬೇರ್ಪಡಿಸಿಯೇ ಹೇಳಿದರು.

ಅಂಗಡಿಯ ಮಾಲಕ ಶಾಂತಲಿಂಗಪ್ಪ. ಕೆಳಗೆ ಬ್ಯಾಟು, ಚೆಂಡು, ಜರ್ಸಿ, ಗೋಡೆಯುದ್ದಕ್ಕೂ ಬೂಟು. ಮೇಲೆ ಮಾಳಿಗೆಯಲ್ಲಿ ಸಾಮಾನಿನ ದಾಸ್ತಾನು. ನಡುವೆ ಛಾವಣಿಯಲ್ಲಿ ಮೊಳದಗಲದ ಒಂದು ಕಿಂಡಿ. ಕೆಳಗಿನವರು ಕಿಂಡಿಗೆ ಮುಖವೆತ್ತಿ ನಂಬರು ಕೂಗಿದರೆ, ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಬೂಟಿನ ಪೆಟ್ಟಿಗೆ ಇಳಿಯುತ್ತಿತ್ತು.

ಇನ್ನೊಂದು ಪದ್ಧತಿಯೂ ಇತ್ತು. ಗೋಡೆಯ ಮೇಲೆ ಇಡುತ್ತಿದ್ದುದು ಬಲಗಾಲಿನ ಬೂಟು ಮಾತ್ರ. ಗಿರಾಕಿ ಅದನ್ನೇ ಹಾಕಿ ನೋಡಬೇಕು. ಬಲಗಾಲಿಗೆ ಸರಿಹೊಂದಿದರೆ ಎಡಗಾಲಿಗೂ ಸರಿಹೊಂದುತ್ತದೆಂಬುದು ಶಾಂತಲಿಂಗಪ್ಪನವರ ನಂಬಿಕೆ. ಕೆಲಸಗಾರರೂ ಅಂಗಡಿಯ ಬೂಟನ್ನೇ ಹಾಕಬೇಕು. ಅವರ ಅಳತೆಯೂ ಹಾಗೆಯೇ ನಡೆಯುತ್ತಿತ್ತು.

ವಳಸಂಗದಿಂದ ಬಸ್ಸಿನಲ್ಲಿ ಬಂದು ಕೆಲಸಕ್ಕೆ ಸೇರಿದ ಸ್ನೇಹಲಳಿಗೆ ಸಿಕ್ಕಿದ್ದು ಆರು ನಂಬರು. ಬಲಗಾಲು ಸುಖವಾಗಿತ್ತು. ಎಡಗಾಲಿನ ಹೆಬ್ಬೆರಳು ಮಧ್ಯಾಹ್ನದ ಹೊತ್ತಿಗೆ ಉರಿಯುತ್ತಿತ್ತು. ಹೇಳಲು ಅವಳಿಗೆ ಧೈರ್ಯವಿರಲಿಲ್ಲ. ಮೂರು ತಿಂಗಳು ನೋಡಿ ಕಾಯಂ ಮಾಡುವ ಮಾತಾಗಿತ್ತು. ಈ ಕೆಲಸ ತಪ್ಪಿದರೆ ಬೇರೆ ಕೆಲಸ ಹುಡುಕಲು ಬಿಡುವುದಿಲ್ಲವೆಂದು ತಂದೆ ಮೊದಲೇ ಹೇಳಿದ್ದರು.

ಗಿರಾಕಿಗಳಿಲ್ಲದಾಗ ಅವಳು ಕಿಂಡಿಯ ಕೆಳಗೆ ನಿಂತು, ಎಡ ಹಿಮ್ಮಡಿಯನ್ನು ಬೂಟಿನಿಂದ ಮೆಲ್ಲಗೆ ಹೊರತೆಗೆಯುತ್ತಿದ್ದಳು. ಯಾರೂ ನೋಡುತ್ತಿಲ್ಲವೆಂದು ತಿಳಿದಿದ್ದಳು.

ಮೇಲಿದ್ದವನು ಯೋಗಿರಾಜ, ಅಕ್ಕಲಕೋಟೆ ತಾಲೂಕಿನ ತಡವಳದವನು. ಸಾಮಾನು ಇಳಿಸುವ ಹಿಂದಿನ ಓಣಿಯಿಂದಲೇ ಹತ್ತಿ, ಅಲ್ಲಿಂದಲೇ ಇಳಿದುಹೋಗುತ್ತಿದ್ದ. ಹನ್ನೊಂದು ದಿನ ಸ್ನೇಹಲ ಅವನ ಮುಖ ಕಾಣಲಿಲ್ಲ. ಕಂಡದ್ದು ಹಗ್ಗ ಬಿಡುವ ಎರಡು ಕೈ, ಎಡ ಮುಂಗೈಯಲ್ಲಿ ಒಂದು ಹಳೆಯ ಗಡಿಯಾರ.

ಎರಡನೆಯ ದಿನವೇ ಅವಳು ಕೇಳಿದಳು: "ಯಾಕ್ರಿ, ನಿಮಗ ಮುಖ ಅದನೋ ಇಲ್ಲೋ?"

"ಏಳು ನಂಬರ್ ನೀಲಿ ಅದನ ಅಂತ ಕೇಳ್ರಿ, ಹೇಳತೀನಿ. ಮುಖದ ಸ್ಟಾಕ್ ನೋಡಿಲ್ಲ."

"ಹಂಗಾದ್ರ ನೋಡಿ ಹೇಳ್ರಿ."

"ಬಾಗಲ ಸಪ್ಪಳಾತು ಅಕ್ಕಾರ, ಗಿರಾಕಿ ಬಂದ್ರು ನೋಡ್ರಿ."

ನಿಜವಾಗಿಯೂ ಬಂದಿದ್ದರು. ಅವಳು ನಗುವನ್ನು ಪೆಟ್ಟಿಗೆಯ ಹಿಂದೆ ಬಚ್ಚಿಟ್ಟಳು.

ನಾಲ್ಕನೆಯ ದಿನ ಬುಟ್ಟಿ ಖಾಲಿಯಾಗಿ ಇಳಿಯಿತು. "ನಿಮ್ಮ ಎಡಗಾಲಿನ ಬೂಟು ಹಾಕ್ರಿ ಇದರಾಗ," ಎಂದಿತು ಧ್ವನಿ.

"ಅಯ್ಯ, ಯಾಕ್ರಿ?"

"ಹೊಲಿಗಿ ಬಿಟ್ಟಂಗ ಕಾಣತದ. ಹಾಕ್ರಿ ಲಗೂ, ಸಾವಕಾರ್ರು ಚಹಾಕ್ಕ ಹೋಗ್ಯಾರ."

ಒಂಟಿ ಕಾಲಿನ ಮೇಲೆ ನಿಂತು, ಕೌಂಟರು ಹಿಡಿದು ಅವಳು ಕಾದಳು. ಚಹಾ ಕುಡಿಯುವಷ್ಟು ಹೊತ್ತೂ ಆಗಲಿಲ್ಲ, ಬೂಟು ಮರಳಿತು. ಕಾಲಿಟ್ಟಳು. ಬೆರಳುಗಳೆಲ್ಲ ಒಮ್ಮೆಲೆ ಉಸಿರಾಡಿದಂತಾಯಿತು.

"ಏನ್ ಮಾಡಿದ್ರಿ ಇದಕ್ಕ?"

"ಜರಾ ಸಮಜಾಯಿಸಿ ಹೇಳಿದೆ. ಕೇಳತು."

ಅಂದಿನಿಂದ ಅವಳಿಗೆ ಕುತೂಹಲ ಎರಡಾಯಿತು: ಆ ಮುಖ ಎಂಥದು? ಬೂಟಿಗೆ ಅವನು ಮಾಡಿದ್ದೇನು? ದಿನಕ್ಕೆ ಇಪ್ಪತ್ತು ಪೆಟ್ಟಿಗೆಗಳ ನಂಬರು ಓದುವ ಹುಡುಗಿ ತನ್ನ ಬೂಟಿನ ನಾಲಿಗೆಯನ್ನು ಮಾತ್ರ ಎತ್ತಿ ನೋಡಲಿಲ್ಲ. ಇದನ್ನು ಹೇಳುವಾಗ ಸುಮಿತ್ರಾಬಾಯಿ ಒನಕೆ ನಿಲ್ಲಿಸಿ ನಕ್ಕರು.

ಹನ್ನೆರಡನೆಯ ದಿನ ಅಕ್ಕಲಕೋಟೆಯಿಂದ ದೀಪಾಲಿ ಮೇಡಂ ಬಂದರು. ಶಾಲೆಯಲ್ಲಿ ಆಟ ಕಲಿಸುವವರು, ಖಡಕ್ ಹೆಂಗಸು. ಎರಡು ದಿನದ ಹಿಂದೆ ಅವರು ಸ್ನೇಹಲಳ ಕೈಯಿಂದಲೇ ಬೂಟು ಕೊಂಡಿದ್ದರು. ಪೆಟ್ಟಿಗೆಯನ್ನು ಕೌಂಟರಿನ ಮೇಲೆ ಕುಕ್ಕಿದರು.

"ಬಲಗಾಲಿಂದು ಏಳು, ಎಡಗಾಲಿಂದು ಆರು! ನಾ ಏನ್ ಕುಂಟತಾ ಆಟ ಕಲಸ್ಲೇನ್ರಿ?"

ಶಾಂತಲಿಂಗಪ್ಪ ಕೆಂಪಾದರು. ಅವರಿಗೆ ಬೇರೊಂದು ಜೋಡಿ ಕೊಟ್ಟು, ಕೈಮುಗಿದು ಕಳಿಸಿ, ಸ್ನೇಹಲಳ ಕಡೆ ತಿರುಗಿದರು.

"ಪೆಟಗಿ ತಗದು ನೋಡಲಾರದ ಕೊಟ್ಟಿ? ಇಂಥಾ ಚೂಕ್ ಈ ದುಕಾನದಾಗ ಆಗಿದ್ದಿಲ್ಲ. ನಾಳಿಂದ ಬರಬ್ಯಾಡವಾ."

ಸ್ನೇಹಲ ಕೌಂಟರಿನ ಹಿಂದೆ ಬಗ್ಗಿದಳು. ತನ್ನ ಡಬ್ಬಿಯ ಚೀಲ ಎತ್ತಿಕೊಂಡಳು.

ಆಗ ಮಾಳಿಗೆಯ ಏಣಿ ಕಿರುಗುಟ್ಟಿತು. ಅಂಗಡಿಯೊಳಗಿನ ಆ ಏಣಿಯನ್ನು ಯಾರೂ ಬಳಸುತ್ತಿರಲಿಲ್ಲ. ಮೊದಲು ರಬ್ಬರ್ ಚಪ್ಪಲಿಯ ಎರಡು ಪಾದ ಕಂಡವು. ಆಮೇಲೆ ಧೂಳಾದ ಮೊಣಕಾಲು. ಆಮೇಲೆ ಅವಳು ಬಲ್ಲ ಗಡಿಯಾರ. ಕೊನೆಗೆ ಮುಖ: ಸಾದಾ ಮುಖ, ಕಿವಿ ಸ್ವಲ್ಪ ದೊಡ್ಡವು, ಹುಬ್ಬಿಗೆ ಜೇಡರ ಬಲೆ ಹತ್ತಿತ್ತು. ಅಳು ನುಂಗುತ್ತಿದ್ದರೂ ಅವಳು ನೋಡದೆ ಇರಲಾರದೆ ಹೋದಳು ಎಂಬುದು ಸುಮಿತ್ರಾಬಾಯಿ ಕಂಡ ಮಾತು.

"ಚೂಕ್ ನಂದು ಸಾವಕಾರ್ರ," ಎಂದ ಯೋಗಿರಾಜ. "ಜೋಡಿ ಅದಲಬದಲ ಮಾಡಿದಾಂವ ನಾ."

"ಯಾಕ ಮಾಡಿದಿ?"

ಅವನು ಸ್ನೇಹಲಳ ಪಾದಗಳನ್ನು ನೋಡಿದ. "ಅಕ್ಕಾರ, ನಿಮ್ಮ ಎಡಗಾಲಿನ ಬೂಟಿನ ನಂಬರ್ ಓದ್ರಿ."

ಅವಳು ಬಗ್ಗಿ, ದಾರ ಸಡಿಲಿಸಿ, ನಾಲಿಗೆ ಎತ್ತಿದಳು. "ಏಳು," ಎಂದಳು. ಮತ್ತೆ ಬಲಗಾಲಿನದು ನೋಡಿದಳು. "ಆರು."

"ಅವರ ಎಡ ಪಾದ ದೊಡ್ಡದದ. ದಿನಾ ನೋಯತಿತ್ತು, ಮ್ಯಾಲಿಂದ ನನಗ ಕಾಣತಿತ್ತು. ಅದೇ ನಮೂನಿ ಏಳರ ಪೆಟಗಿಯೊಳಗಿಂದು ಕೊಟ್ಟು ಅವರ ಆರು ಅದರಾಗ ಇಟ್ಟೆ. ಆ ಪೆಟಗಿ ಬಾಜೂಕ ಇಟ್ಟಿದ್ದೆ, ನಿಮಗ ಹೇಳಬೇಕಂತ. ಹೇಳಾಕ ಧೈರ್ಯ ಆಗಲಿಲ್ಲ. ಮೊನ್ನಿ ನಾ ರಜಾ ಇದ್ದೆ..."

"ಹಂಗಾರ ಪೆಟಗಿ ಕೆಳಗ ಇಳಿಸಿದಾಂವ ಯಾಂವ?"

ಬಿಲ್ಲಿನ ಮೇಜಿನಿಂದ ಸುಮಿತ್ರಾಬಾಯಿಯೇ ಹೇಳಬೇಕಾಯಿತು: "ಮೊನ್ನಿ ಮ್ಯಾಲ ಹತ್ತಿದವರು ನೀವೇ ಅಲ್ರಿ ಸಾವಕಾರ್ರ."

ಶಾಂತಲಿಂಗಪ್ಪ ಬಹಳ ಹೊತ್ತು ಗೋಡೆಯ ಮೇಲಿನ ಬಲಗಾಲಿನ ಬೂಟುಗಳನ್ನೇ ನೋಡಿದರು. ಆಮೇಲೆ ಒಂದು ಬೆಂಚನ್ನು ಎಳೆದು ನಡುವೆ ಹಾಕಿಸಿದರು. ಇನ್ನು ಮೇಲೆ ಗಿರಾಕಿ ಕೂತು ಎರಡೂ ಕಾಲಿಗೆ ಹಾಕಿ ನೋಡಬೇಕು. ಸ್ನೇಹಲ ಇರಬಹುದು. ಆದರೆ ಹೇಳದೆ ಜೋಡಿ ಮುರಿದವನು ಈ ಮಾಳಿಗೆಯಲ್ಲಿ ಬೇಡ. ಬರುವ ತಿಂಗಳಿಂದ ಅಕ್ಕಲಕೋಟೆಯ ತಮ್ಮ ಹೊಸ ಅಂಗಡಿಗೆ ಹೋಗಲಿ.

ಮಾಲಕರು ಊಟಕ್ಕೆ ಹೋದ ಕೂಡಲೆ ಸ್ನೇಹಲ ಏಣಿ ಹತ್ತಿದಳು. ಮಾಳಿಗೆಯ ಮಾತು ಕಿಂಡಿಯಿಂದ ಬಿಲ್ಲಿನ ಮೇಜಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತೆಂದು ಸುಮಿತ್ರಾಬಾಯಿ ಯಾವ ಸಂಕೋಚವೂ ಇಲ್ಲದೆ ಹೇಳಿದರು.

"ಎಲ್ಲಿ ಕೂಡತಿದ್ರಿ?"

"ಇಲ್ಲೇ."

ಅವಳು ಅಲ್ಲಿ ಕೂತು ಕೆಳಗೆ ಇಣುಕಿದಳು. ಕಂಡದ್ದು ನೆಲದ ಒಂದೇ ಫರಶಿ ಕಲ್ಲು, ಅವಳು ದಿನವೂ ನಿಲ್ಲುತ್ತಿದ್ದ ಜಾಗ.

"ಇಷ್ಟ ಕಾಣತದೇನು?"

"ಇಷ್ಟ. ಆರು ವರ್ಷ ಪಾದಾನೇ ನೋಡೀನಿ. ಬರತಾವ, ಹೋಗತಾವ. ನಿಮ್ಮವು ಮನಿಗಿ ಹೋದ್ರೂ ನೆನಪಾಗತಿದ್ವು."

"ಬರೀ ಪಾದ?"

"ಮುಖ ಇವತ್ತ ಸಿಕ್ಕದ. ಇವತ್ತ ಹೋಗು ಅಂದಾರ."

ಸ್ವಲ್ಪ ಹೊತ್ತು ಹಗ್ಗ ಅಲ್ಲಾಡಿತು. ಯಾರು ಅದನ್ನು ಹಿಡಿದಿದ್ದರೋ ತಿಳಿಯದು.

"ಅಕ್ಕಲಕೋಟಿ ದುಕಾನದಾಗ ಮಾಳಗಿ ಅದನ?" ಎಂದಳು ಸ್ನೇಹಲ.

"ಇಲ್ಲ. ಎಲ್ಲಾ ಕೆಳಗ."

"ಚೊಲೋ ಆತು. ಇನ್ನ ಕಿಂಡಿ ಹಿಂದ ಅಡಗಾಕ ಬರೂದಿಲ್ಲ. ಅಕ್ಕಲಕೋಟಿ ಬಸ್ಸು ವಳಸಂಗದಾಗ ನಿಲ್ಲತದ. ಇಳೀರಿ. ನಮ್ಮ ಅಪ್ಪನ ಮುಂದ ಮುಖ ತೋರಿಸಿ ಕೇಳ್ರಿ."

"ಏನಂತ ಕೇಳಲಿ?"

"ಏಳು ನಂಬರ್ ನೀಲಿ ಅದನ ಅಂತ!"

ಇಷ್ಟಕ್ಕೆ ಸುಮಿತ್ರಾಬಾಯಿ ನಿಲ್ಲಿಸಿ ಚಟ್ನಿಗೆ ಉಪ್ಪು ನೋಡಿದರು. ಒರಳಿನ ಪಕ್ಕದಲ್ಲಿದ್ದ ಛಾಯಾಳಿಗೆ ತಡೆಯಲಾಗಲಿಲ್ಲ.

"ಮಾವಶಿ, ಬಂದು ಕೇಳಿದ್ನೋ ಇಲ್ಲೋ?"

"ಕೇಳದ ಏನ್ ಮಾಡ್ತಾನ? ಹೋದ ವರ್ಷ ಲಗ್ನ ಆತು. ಅಕ್ಕಿಕಾಳು ಹಾಕಾಕ ನಾನೂ ಹೋಗಿದ್ದೆ. ಮಂಟಪದ ಬಾಗಲದಾಗ ಮದಿಮಗಳ ಹೊಸ ಚಪ್ಪಲಿ ಇದ್ವು, ಅಂವ ತಂದದ್ದು. ಯಾರೂ ನೋಡಲಾರದ ಹೊತ್ತಿನ್ಯಾಗ ತಿರಗಿಸಿ ನೋಡಿದೆ."

"ಏನಿತ್ತು?"

"ಬಲಕ್ಕ ಆರು. ಎಡಕ್ಕ ಏಳು. ಎರಡು ಜೋಡಿ ಕೊಂಡು ಒಂದು ಜೋಡಿ ಮಾಡ್ಯಾನ, ಹುಚ್ಚ."

ಹೆಂಗಸರು ನಕ್ಕರು. ಚಟ್ನಿಯನ್ನು ಡಬ್ಬಿಗಳಿಗೆ ತುಂಬಿಕೊಂಡು, ಸೆರಗು ಝಾಡಿಸಿ ಎದ್ದರು. ಕಟ್ಟೆಯ ಕೆಳಗೆ ಚಪ್ಪಲಿ ಮೆಟ್ಟುವಾಗ ಒಬ್ಬೊಬ್ಬರೂ ಅರೆಗಳಿಗೆ ತಡೆದು, ತಮ್ಮ ಎಡಗಾಲಿನ ಬೆರಳುಗಳನ್ನು ಒಮ್ಮೆ ಅಲ್ಲಾಡಿಸಿ ನೋಡಿಕೊಂಡು, ಮನೆಗೆ ಹೋದರು.